ನೀರಿಗಿಳಿಯುವಾಗ ಮಗುವನ್ನು ಕಟ್ಟಿಕೊಳ್ಳಲು ಎಂಥ ಬಟ್ಟೆ?

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಡಿಸೆಂಬರ್ ಅಂದರೆ ಸುಡುಬೇಸಿಗೆ. ರಜೆ ಬಂತೆಂದರೆ ಎಲ್ಲರೂ ನೀರಿನ ಕಡೆಗೇ. ಸೌತ್ ಬ್ಯಾಂಕ್‌ನಲ್ಲಿ ನದಿಯ ಪಕ್ಕ ಮರಳು ಸುರಿದು ಮಾಡಿದ ಸ್ಟ್ರೀಟ್ಸ್ ಬೀಚ್ ಇದೆ, ಟಿಕೆಟ್ಟೂ ಇಲ್ಲ. ದೊಡ್ಡವಳು ನೀರಿಗಿಳಿದರೆ ಹಿಂದೆ ನಾನೂ ಇಳಿಯಬೇಕು, ಚಿಕ್ಕವನನ್ನು ಎದೆಗೆ ಕಟ್ಟಿಕೊಂಡು. ಅದಕ್ಕೇ ರಿಂಗ್ ಸ್ಲಿಂಗ್ ಹೊಲಿಯೋಣ ಅಂತ ಕೂತೆ. ಸುಮಾರು 2 ಮೀಟರ್ ಬಟ್ಟೆ, ಒಂದು ತುದಿಗೆ ಎರಡು ರಿಂಗ್. ಇನ್ನೊಂದು ತುದಿಯನ್ನು ಅದರಲ್ಲಿ ತೂರಿಸಿ ಎಳೆದರೆ ಬಿಗಿಯಾಗುತ್ತದೆ.

"ನನ್ನ ಹಳೇ ಕಾಟನ್ ಸೀರೆ ಕೊಟ್ಟಿದ್ನಲ್ಲೇ, ಅದನ್ನೇ ಕತ್ತರಿಸು" ಅಂದಳು ಅಮ್ಮ ಫೋನಲ್ಲಿ. ಮನೆಯೊಳಗೆ ಅದಕ್ಕಿಂತ ಮೆತ್ತಗಿನ ಬಟ್ಟೆ ಸಿಗಲ್ಲ, ನಿಜ. ಹತ್ತಿ ಒದ್ದೆಯಾದರೆ ಹರಿಯುತ್ತದೆ ಅಂತಲೂ ಅಲ್ಲ, ಅದರ ನೂಲು ನೆನೆದಾಗ ಇನ್ನೂ ಗಟ್ಟಿ. ಆದರೆ ನೀರು ಕುಡಿದು ಭಾರವಾಗುತ್ತದೆ, ಜೋತುಬೀಳುತ್ತದೆ, ಬೇಗ ಒಣಗಲ್ಲ. ಗಾಳಿ ಬೀಸಿದರೆ ಮಗು ಗಡಗಡ ನಡುಗುತ್ತದೆ.

ಪಾಲಿಯೆಸ್ಟರ್ ನೂಲು ನೀರನ್ನು ಹೀರೋದೇ ಇಲ್ಲ ಅನ್ನಬಹುದು. ಹಾಗಾಗಿ ಆಟಗಾರರ ಜರ್ಸಿಗೆ ಹಾಕುವ ತೂತುತೂತಿನ ಪಾಲಿಯೆಸ್ಟರ್ ಬಟ್ಟೆ ಒಳ್ಳೆಯದು. ಅದರಲ್ಲೂ ಎಲ್ಲವೂ ಆಗಲ್ಲ. ಅಂಗಡಿಯಲ್ಲೇ ಉದ್ದಕ್ಕೆ ಹಿಡಿದು ಜೋರಾಗಿ ಎಳೆಯಿರಿ. ರಬ್ಬರಿನ ಹಾಗೆ ಹಿಗ್ಗಿದರೆ ಅಲ್ಲೇ ಇಡಿ. ಮೂಲೆಯಿಂದ ಮೂಲೆಗೆ ಎಳೆದಾಗ ಮಾತ್ರ ಚೂರು ಬಗ್ಗಬೇಕು, ಆಗಲೇ ಮಗುವಿನ ಬೆನ್ನಿಗೆ ಸರಿಯಾಗಿ ಕೂರೋದು. ಈಜುಡುಗೆಯ ಲೈಕ್ರಾ ನೋಡಲು ಚೆಂದ, ಈ ಕೆಲಸಕ್ಕೆ ಬೇಡವೇ ಬೇಡ. ಸೊಳ್ಳೆಪರದೆಯಂಥ ತೆಳು ನೆಟ್ ಕೂಡ ಬೇಡ, ಮಗುವಿನ ತೊಡೆ ಒತ್ತುತ್ತದೆ. ಕೊನೆಗೆ ಬಟ್ಟೆಯನ್ನು ಬಾಯಿಗಡ್ಡ ಹಿಡಿದು ಉಸಿರಾಡಿ. ಸರಾಗವಾಗಿ ಆಡಬೇಕು.

ದಾರವೂ ಪಾಲಿಯೆಸ್ಟರಿನದೇ ಇರಲಿ, ರಿಂಗಿನ ಹತ್ತಿರ ಮೂರು ಸಾಲು ಹೊಲಿಗೆ. ರಿಂಗಿನಲ್ಲಿ ಮಾತ್ರ ಕಂಜೂಸಿ ಬೇಡ. ಬೆಸುಗೆ ಹಾಕಿದ್ದು ಬಿಟ್ಟುಕೊಳ್ಳಬಹುದು. ಸ್ಲಿಂಗಿಗೆಂದೇ ಮಾಡಿದ, ಜೋಡಣೆ ಇಲ್ಲದ ರಿಂಗ್ ತಗೊಳ್ಳಿ. ಬಟ್ಟೆ ತೀರಾ ನುಣುಪಾಗಿದ್ದರೆ ಒದ್ದೆಯಾದಾಗ ರಿಂಗಿನಿಂದ ಜಾರುತ್ತದೆ. ಅದಕ್ಕೇ ಮೊದಲು ನೆನೆಸಿ, ಅಕ್ಕಿ ಮೂಟೆ ಕೂರಿಸಿ ಮನೆಯಲ್ಲೇ ನಾಲ್ಕು ಹೆಜ್ಜೆ ಓಡಾಡಿ. ಅಕ್ಕಿ ಬಿದ್ದರೆ ಬಳಿದುಕೊಳ್ಳಬಹುದು, ಅಲ್ವಾ?

ಇನ್ನೊಂದು ಮಾತು. ತೂತಿನ ಬಟ್ಟೆಯಿಂದ ಇಲ್ಲಿನ ಬಿಸಿಲೂ ತೂರಿಬರುತ್ತದೆ. ಹಾಗಾಗಿ ಮಗುವಿಗೆ ತುಂಬುತೋಳಿನ ಅಂಗಿ, ಟೋಪಿ ಹಾಕಿ. ನೆರಳೂ ಬೇಕು. ಇದು ತೇಲಿಸುವ ಸಾಧನ ಅಲ್ಲ. ಕಟ್ಟಿಕೊಂಡು ಈಜಬಾರದು, ನಾನಂತೂ ಮೊಣಕಾಲಿನ ಆಳ ದಾಟುವುದಿಲ್ಲ. ಮಗುವಿನ ಮುಖ ಸದಾ ಕಾಣುತ್ತಿರಬೇಕು, ಗಲ್ಲ ಎದೆಗೆ ಒತ್ತಿರಬಾರದು. ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ಜಾಲಿಸಿ ನೆರಳಲ್ಲಿ ಒಣಹಾಕಿ, ಹೊಲಿಗೆ ಸಾಲುಗಳನ್ನು ಬೆರಳಲ್ಲಿ ಸವರಿ ನೋಡಿ.