ಮೂನ್‌ಲೈಟ್ ಸೊನಾಟಾಕ್ಕೆ ಯಾವ ಪಿಯಾನೋ?

1801ರ ಮೂನ್‌ಲೈಟ್ ಸೊನಾಟಾ ಎಂಬ ಪಿಯಾನೋ ಕೃತಿಯ ಮೊದಲ ಭಾಗದ ನೆತ್ತಿಯ ಮೇಲೆಯೇ ಬೀಥೋವನ್ ಬರೆದಿಟ್ಟಿದ್ದಾನೆ: ಇಡೀ ಭಾಗವನ್ನು ಬಹಳ ನವಿರಾಗಿ, ಡ್ಯಾಂಪರ್ ಇಲ್ಲದೆ ನುಡಿಸಬೇಕು. ಬೆರಳೆತ್ತಿದೊಡನೆ ತಂತಿಯ ಮೇಲೆ ಕೂತು ನಾದ ನಿಲ್ಲಿಸುವ ಮೆತ್ತೆಯೇ ಡ್ಯಾಂಪರ್. ಇಂದಿನ ಗ್ರ್ಯಾಂಡ್ ಪಿಯಾನೋದಲ್ಲಿ ಈ ಮಾತನ್ನು ಹಾಗೇ ಪಾಲಿಸಿದರೆ ಒಂದೆರಡು ಸಾಲಿನಲ್ಲೇ ಸ್ವರಗಳೆಲ್ಲ ಕಲಸುಮೇಲೋಗರ. ಅದಕ್ಕೇ ಈಗಿನವರು ಹಾರ್ಮನಿ (ಒಟ್ಟಿಗೆ ನುಡಿಯುವ ಸ್ವರಗಳ ಮೇಳ) ಬದಲಾದಾಗಲೆಲ್ಲ ಡ್ಯಾಂಪರ್ ಎತ್ತಿಹಿಡಿಯುವ ಪೆಡಲ್ ಬಿಟ್ಟು ಮತ್ತೆ ಒತ್ತುತ್ತಾರೆ. ಬೀಥೋವನ್‌ನ ಕಿವಿ ಕೆಡುತ್ತಿತ್ತಲ್ಲ, ಅದಕ್ಕೇ ಹಾಗೆ ಬರೆದ ಎನ್ನುವವರಿದ್ದಾರೆ. ಕಿವಿಯನ್ನು ದೂರಬೇಕಿಲ್ಲ, ವಾದ್ಯವೇ ಬೇರೆ.

ಆಗಿನ ವಿಯೆನ್ನಾದ ಪಿಯಾನೋವನ್ನು ಈಗ ಫೋರ್ಟೆಪಿಯಾನೋ ಎನ್ನುತ್ತಾರೆ. ಮೊಜಾರ್ಟ್ ಬಳಿಯಿದ್ದ, ವಾಲ್ಟರ್ ಎಂಬಾತ ತಯಾರಿಸಿದ ವಾದ್ಯದಲ್ಲಿ 61 ಕೀ, ಪೂರ್ತಿ ಮರದ ಚೌಕಟ್ಟು, ತೆಳು ತಂತಿ, ಚರ್ಮ ಸುತ್ತಿದ ಪುಟ್ಟ ಸುತ್ತಿಗೆ. ಈಗಿನದಕ್ಕೆ 88 ಕೀ, ಫೆಲ್ಟ್ (ಒತ್ತಿದ ಉಣ್ಣೆ) ಸುತ್ತಿಗೆ, ತಂತಿಗಳ ಸುಮಾರು 20 ಟನ್ ಎಳೆತ ತಾಳುವ ಎರಕದ ಕಬ್ಬಿಣದ ಚೌಕಟ್ಟು. ಹಳೆಯದರಲ್ಲಿ ಸ್ವರ ಥಟ್ಟನೆ ಎದ್ದು ಬೇಗ ಕರಗುತ್ತದೆ. ಡ್ಯಾಂಪರ್ ಎತ್ತಿಟ್ಟರೂ ಹಿಂದಿನ ಸ್ವರ ತೆಳು ಮಂಜಿನಷ್ಟೇ ಉಳಿಯುತ್ತದೆ. ಕೊಡಗಿನ ಮಾಂದಲಪಟ್ಟಿಯ ಬೆಳಗಿನ ಮಂಜಿನಂತೆ, ಹಿಂದಿನ ಗುಡ್ಡ ಕಾಣುತ್ತಲೇ ಇರುತ್ತದೆ.

ಬೀಥೋವನ್‌ನದೇ ಪಥೆಟೀಕ್ ಸೊನಾಟಾದ ಮೊದಲ ಸ್ವರಗುಚ್ಛವನ್ನೂ ಕೇಳಿ. ಜೋರಾಗಿ ಹೊಡೆದು ತಕ್ಷಣ ಮೆಲ್ಲಗಾಗಬೇಕು ಎಂಬ ಗುರುತು ಅಲ್ಲಿದೆ. ಫೋರ್ಟೆಪಿಯಾನೋದಲ್ಲಿ ಅದು ತಾನಾಗಿಯೇ ಆಗುತ್ತದೆ; ಇಂದಿನ ವಾದ್ಯದಲ್ಲಿ ಕಾಯಬೇಕು, ಇಲ್ಲವೇ ಪೆಡಲಿನ ಕಸರತ್ತು ಬೇಕು. ಇನ್ನೊಂದು: ಹಳೆಯದರಲ್ಲಿ ತಂತಿಗಳು ಸಮಾನಾಂತರ, ಹಾಗಾಗಿ ಮಂದ್ರ, ಮಧ್ಯ, ತಾರಕ್ಕೆ ಬೇರೆ ಬೇರೆ ಬಣ್ಣ. ಇಂದಿನದರಲ್ಲಿ ಮಂದ್ರದ ತಂತಿಗಳು ಉಳಿದವುಗಳ ಮೇಲೆ ಓರೆಯಾಗಿ ಹಾದು ಎಲ್ಲ ಒಂದೇ ಬಣ್ಣಕ್ಕೆ ಬರುತ್ತದೆ. ಮುಂದೆ ಬಂದ ರಾಖ್ಮಾನಿನಾಫ್‌ನಂಥವರ ಸಂಗೀತಕ್ಕೆ ಅದೇ ಬೇಕು, ಬಿಡಿ.

ಹೋಲಿಸಲು ಪಿಯಾನೋ ವಾದಕ ಬ್ರೌಟಿಗಾಮ್ ಫೋರ್ಟೆಪಿಯಾನೋದಲ್ಲಿ ನುಡಿಸಿದ ಬೀಥೋವನ್ ಧ್ವನಿಮುದ್ರಣವನ್ನೂ ಆಧುನಿಕ ಪಿಯಾನೋದಲ್ಲಿ ವಾದಕ ಬ್ರೆಂಡೆಲ್ ನುಡಿಸಿದ್ದನ್ನೂ ಹಾಕಿಕೊಳ್ಳಿ. ಮೊದಲು ಎರಡರ ವಾಲ್ಯೂಮ್ ಸಮ ಮಾಡಿ. ಜೋರಾಗಿರುವುದೇ ಚೆಂದ ಎಂದು ಕಿವಿ ಮೋಸ ಹೋಗುತ್ತದೆ. ಹಳೆಯ ವಾದ್ಯಗಳನ್ನು ಸಾಮಾನ್ಯವಾಗಿ ಈಗಿನ 440ರ ಬದಲು 430 ಹರ್ಟ್ಸ್‌ಗೆ ಶ್ರುತಿ ಮಾಡುತ್ತಾರೆ, ಅಂದರೆ ಅರ್ಧ ಸ್ವರಸ್ಥಾನಕ್ಕಿಂತ ತುಸು ಕಡಿಮೆ ಇಳಿಕೆ. ಅದು ಅಪಶ್ರುತಿಯಲ್ಲ, ಐದು ನಿಮಿಷದಲ್ಲಿ ಕಿವಿ ಒಗ್ಗುತ್ತದೆ. ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಮಳೆಯಲ್ಲಿ ಶೀಟಿನ ಮಾಡಿನ ಕೆಳಗೆ ಸ್ಪೀಕರ್ ನಂಬಬೇಡಿ. ಫೋರ್ಟೆಪಿಯಾನೋದ ಅರ್ಧ ಸೊಗಸು ಅದರ ಪಿಸುಮಾತಿನಲ್ಲಿದೆ, ಹೆಡ್‌ಫೋನ್ ಬೇಕು.

ವಾದ್ಯವನ್ನೇ ತಂದು ಮಡಿಕೇರಿಯಲ್ಲಿ ಇಡುವುದಾದರೆ ಕಷ್ಟ ಬೇರೆಯದು. ಕೊಡವರ ಪುಟ್ಟ ಚರ್ಮವಾದ್ಯ ದುಡಿಯ ಚರ್ಮ ತೇವಕ್ಕೆ ಸಡಿಲಾದರೆ ಬೆಂಕಿಗೆ ಹಿಡಿದು ಬಿಗಿ ಮಾಡಬಹುದು. ಪಿಯಾನೋ ಇದಕ್ಕೆ ತಿರುಗುಮುರುಗು. ತಂತಿಗಳ ಕೆಳಗಿನ ಮರದ ನಾದಹಲಗೆ ತೇವ ಹೀರಿ ಉಬ್ಬಿ ತಂತಿಯನ್ನು ಮೇಲಕ್ಕೆ ತಳ್ಳುತ್ತದೆ, ನಡುಸ್ಥಾಯಿಯ ಶ್ರುತಿ ಏರುತ್ತದೆ, ಕೀ ಹಿಡಿಯುತ್ತವೆ. ಒಣಗಲೆಂದು ಬೆಂಕಿಗೂಡಿನ ಪಕ್ಕ ಇಟ್ಟರೆ ಹಲಗೆ ಸೀಳುತ್ತದೆ. ಕಬ್ಬಿಣವಿರುವ ವಾದ್ಯವೇ ಇಷ್ಟು ಒದ್ದಾಡುವಾಗ ಪೂರ್ತಿ ಮರದ್ದರ ಗತಿ ಊಹಿಸಿ. ಮುಚ್ಚಿದ ಕೋಣೆ, ತೇವ ತೆಗೆಯುವ ಯಂತ್ರ, ಆರ್ದ್ರತೆ ಸುಮಾರು 45ರಿಂದ 55 ಶೇಕಡಾ. ಆರ್ದ್ರತೆ ಕೆಲವು ವಾರ ಹೀಗೆ ನೆಲೆ ನಿಂತ ಮೇಲೆ ಟ್ಯೂನರ್‌ಗೆ ಹೇಳಿ ಕಳಿಸಿ. ಜುಲೈಯಲ್ಲಿ ತೆರೆದ ಕೋಣೆಯಲ್ಲಿ ಮಾಡಿಸಿದ ಶ್ರುತಿ ಜನವರಿಯ ಒಣಗಾಳಿಗೆ ಇಳಿದಿರುತ್ತದೆ.