ಹಕ್ಕಿಗೇನು ಗೊತ್ತು, ನೀವು ಯಾರು ಅಂತ?

"ಹಕ್ಕಿ ನೋಡೋಕೂ ಎಲ್‌ಜಿಬಿಟಿ ಗುಂಪು ಬೇಕಾ? ಹಕ್ಕಿಗೇನು ಗೊತ್ತು, ನೀವು ಯಾರು ಅಂತ?"

ನಮ್ಮ ಸಮುದಾಯದವರಿಗಾಗಿ ಪಕ್ಷಿವೀಕ್ಷಣೆಯ ನಡಿಗೆ ನಡೆಸುತ್ತೇನೆ ಅಂದ ಕೂಡಲೇ ಈ ಪ್ರಶ್ನೆ ಬರುತ್ತದೆ. ಕೇಳುವವರ ಮುಖದಲ್ಲಿ ಒಂದು ನಗು, ಇದು ತಮಗೊಬ್ಬರಿಗೇ ಹೊಳೆಯಿತು ಅನ್ನುವ ಹಾಗೆ. ಬಾಯಲ್ಲಿ ಹೇಳಿ ಸಾಕಾಗಿದೆ.

ಹಕ್ಕಿಗೆ ಗೊತ್ತಿಲ್ಲ, ನಿಜ. ಹಕ್ಕಿಯಿಂದ ನಮಗೆ ಯಾವ ತೊಂದರೆಯೂ ಆಗಿಲ್ಲ. ತೊಂದರೆ ಏನಿದ್ದರೂ ಬೈನಾಕ್ಯುಲರ್ ಹಿಡಿದವರದು.

ಹಕ್ಕಿ ನೋಡುವುದು ಅಂದರೆ ಜಾಸ್ತಿ ಹೊತ್ತು ಕಾಯುವುದು. ಪೊದೆಯಿಂದ ಅದು ಹೊರಗೆ ಬರುವವರೆಗೆ ಪಕ್ಕದವರಿಗೆ ಬೇರೆ ಕೆಲಸ ಇರುವುದಿಲ್ಲ. ಮದುವೆ ಆಯ್ತಾ? ಯಾಕಾಗಿಲ್ಲ? ಜೊತೆಗೆ ಬಂದವರು ಬರೀ ಫ್ರೆಂಡಾ?

ಒಮ್ಮೆ ಬೇರೆಯವರ ನಡಿಗೆಗೆ ಟ್ರಾನ್ಸ್ ಗೆಳತಿಯೊಬ್ಬಳ ಜೊತೆ ಹೋಗಿದ್ದೆ. ಮರಕುಟಿಗದ ಸದ್ದು ಎಲ್ಲರಿಗಿಂತ ಮೊದಲು ಕೇಳಿಸಿಕೊಂಡು ಕೊಂಬೆ ತೋರಿಸಿದ್ದು ಅವಳೇ. ಹಿಂದಿನಿಂದ ಒಬ್ಬರು, "ನಿಮ್ಮನ್ನ ಅಣ್ಣ ಅನ್ಲೋ, ಅಕ್ಕ ಅನ್ಲೋ?" ಅಂದರು. ನಾಲ್ಕು ಜನ ನಕ್ಕರು. ಗೈಡ್ ಕೂಡ ನಕ್ಕರು, ಅದಕ್ಕೇ ನನಗೆ ಇನ್ನೂ ಉರಿಯುವುದು. ಗಲಾಟೆಗೆ ಮರಕುಟಿಗ ಹಾರಿಹೋಯಿತು. ಆಮೇಲೆ ಅವಳು ಏನು ಕಂಡರೂ ಯಾರಿಗೂ ತೋರಿಸಲಿಲ್ಲ. ಅವರ ಪಟ್ಟಿಯಲ್ಲಿ ಹಕ್ಕಿ ಕಡಿಮೆಯಾಗಿದ್ದರೆ ಆಗಲಿ.

ನಮ್ಮ ನಡಿಗೆಯಲ್ಲಿ ಅವರವರು ಹೇಳಿದ್ದೇ ಹೆಸರು. ಕೇಳದೆ ಫೋಟೊ ತೆಗೆಯುವಂತಿಲ್ಲ, ಎಷ್ಟೋ ಜನರ ಮನೆಯಲ್ಲಿ ವಿಷಯ ಗೊತ್ತಿರುವುದಿಲ್ಲ. ನಸುಕಿನಲ್ಲಿ ನಿರ್ಜನ ಜಾಗಕ್ಕೆ ಯಾರೂ ಒಂಟಿಯಾಗಿ ಬರಬೇಕಿಲ್ಲ. ಮದುವೆ ಆದ ಗಂಡ-ಹೆಂಡತಿಯೂ ಬರಬಹುದು. ಯಾಕೆ ಆದಿರಿ ಅಂತ ಕೇಳುವುದಿಲ್ಲ. ಇದೇನು ನನ್ನ ಹೊಸ ಹುಚ್ಚೂ ಅಲ್ಲ. ನ್ಯೂಯಾರ್ಕಿನಲ್ಲಿ ನಮ್ಮಂಥವರನ್ನೂ ಸೇರಿಸಿಕೊಂಡು ಹಕ್ಕಿ ನೋಡುವ ಫೆಮಿನಿಸ್ಟ್ ಬರ್ಡ್ ಕ್ಲಬ್ 2016ರಲ್ಲೇ ಶುರುವಾಗಿದೆ.

"ಹಾಗಾದ್ರೆ ಹಕ್ಕಿಯ ಗಂಡು-ಹೆಣ್ಣು ಹೇಳೋದನ್ನೂ ಬಿಟ್ಟಿದ್ದೀರಾ?" ಇದನ್ನೂ ಕೇಳಿದವರಿದ್ದಾರೆ. ಇಲ್ಲ ಸ್ವಾಮಿ, ಹೇಳುತ್ತೇವೆ. ಅದರ ಬಗ್ಗೆ ಅಷ್ಟು ಕುತೂಹಲ ಇದ್ದರೆ ರಫ್ ಅನ್ನುವ ಹಕ್ಕಿಯ ವಿಷಯ ಕೇಳಬಾರದಾ?

ರಫ್ ಗಂಡುಗಳಲ್ಲಿ ಮೂರು ಬಗೆ. ಸಂತಾನದ ಕಾಲದಲ್ಲಿ ಹೆಚ್ಚಿನವಕ್ಕೆ ಕತ್ತಿನ ಸುತ್ತ ಗಾಢ ಬಣ್ಣದ ಗರಿ. ಅವು ಜಾಗಕ್ಕಾಗಿ ಕಾದಾಡುತ್ತವೆ. ಕೆಲವಕ್ಕೆ ಸಾಮಾನ್ಯವಾಗಿ ಬಿಳಿ ಗರಿ. ಅವು ಜಾಗದ ತಂಟೆಗೆ ಹೋಗುವುದಿಲ್ಲ. ಮೂರನೆಯ ಬಗೆ ತೀರಾ ಅಪರೂಪ, ನೋಡಲು ಥೇಟ್ ಹೆಣ್ಣು. ಕತ್ತಿನ ಗರಿ ಬೆಳೆಯುವುದೇ ಇಲ್ಲ. ಶತಮಾನಗಳಿಂದ ಜನ ನೋಡುತ್ತಲೇ ಇದ್ದ ಹಕ್ಕಿ, ಆದರೂ ಈ ಮೂರನೆಯ ಬಗೆಯನ್ನು ವಿಜ್ಞಾನಿಗಳು ವಿವರಿಸಿದ್ದು 2006ರಲ್ಲಿ. (ಹಕ್ಕಿಯಲ್ಲೂ ಇದೆ, ಹಾಗಾಗಿ ನಾವೂ ಸರಿ ಅನ್ನುವ ವಾದ ನನಗೆ ಬೇಡ. ರಫ್‌ನಿಂದ ಶಿಫಾರಸು ಪತ್ರ ತರುವ ಅಗತ್ಯ ನಮಗಿಲ್ಲ.)

ಈ ಮೂರನೆಯ ಬಗೆ ಇದೆ ಅಂತ ಗೊತ್ತಾಗಿದ್ದು ಹಕ್ಕಿಗಳನ್ನು ಹಿಡಿದು ಅಳೆದಾಗ. ರೆಕ್ಕೆ ಹೆಣ್ಣಿನದಕ್ಕಿಂತ ಉದ್ದ, ಉಳಿದ ಗಂಡುಗಳದಕ್ಕಿಂತ ಗಿಡ್ಡ. ದೂರದಿಂದ ನೋಡಿದರೆ ನನಗಂತೂ ಗೊತ್ತಾಗುವುದಿಲ್ಲ. "ರಫ್, ಒಂದು" ಅಂತಷ್ಟೇ ಬರೆದುಕೊಳ್ಳುತ್ತೇನೆ.