ಬೆರಳಿಗೆ ಕಟ್ಟಿದ ಹಗ್ಗ

ಬೆಳಿಗ್ಗೆ ಮೂಡಿಗೆರೆ ಬಸ್ ನಿಲ್ದಾಣದಲ್ಲಿ ಮಳೆ ನಿಲ್ಲುವುದನ್ನು ಕಾಯುತ್ತಾ ಮೊಬೈಲ್‌ನಲ್ಲಿ ಹಳೆಯ ಓಟವೊಂದನ್ನು ಮತ್ತೆ ನೋಡಿದೆ. ನಮ್ಮ ತಾಲ್ಲೂಕಿನ ಓಟಗಾರ್ತಿ ರಕ್ಷಿತಾ ರಾಜು, 1500 ಮೀಟರ್, ಟಿ11 ವಿಭಾಗ, ಅಂದರೆ ದೃಷ್ಟಿ ಇಲ್ಲದ ಅಥವಾ ಬಹುತೇಕ ಇಲ್ಲದವರ ಓಟ.

ಈ ವಿಭಾಗದಲ್ಲಿ ಎಲ್ಲರ ಕಣ್ಣಿಗೂ ಕಪ್ಪು ಪಟ್ಟಿ. ಜೊತೆಗೊಬ್ಬ ಮಾರ್ಗದರ್ಶಕ ಓಟಗಾರ, ಇಬ್ಬರ ನಡುವೆ ಗೇಣುದ್ದದ ಹಗ್ಗ. ಅವನು ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಗೆರೆಯನ್ನು ಅವಳಿಗಿಂತ ಮೊದಲು ದಾಟುವಂತೆಯೂ ಇಲ್ಲ. ಉಸಿರಿಗೆ ಉಸಿರು, ಹೆಜ್ಜೆಗೆ ಹೆಜ್ಜೆ ಕೂಡಿಸಿ, ಕೊನೆಯಲ್ಲಿ ಅರೆಹೆಜ್ಜೆ ಹಿಂದೆ ಉಳಿಯಬೇಕು. ಎಂಥ ಸೊಗಸಾದ ನಿಯಮ!

2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ 29 ಪದಕ ಬಂದವು, 7 ಚಿನ್ನ. ಪಕ್ಕದ ಹಾಸನದಲ್ಲಿ ಹುಟ್ಟಿದ ಸುಹಾಸ್ ಯತಿರಾಜ್ ಬ್ಯಾಡ್ಮಿಂಟನ್‌ನಲ್ಲಿ ಟೋಕಿಯೊದ ನಂತರ ಮತ್ತೊಮ್ಮೆ ಬೆಳ್ಳಿ ಗೆದ್ದರು. ರಕ್ಷಿತಾ ಅವರಿಗೆ ಅಲ್ಲಿ ಪದಕ ಸಿಗಲಿಲ್ಲ. ಆದರೆ 2023ರಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಇದೇ ಓಟದ ಚಿನ್ನ ಅವರದು. ಅದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಮಳೆ ಕಡಿಮೆಯಾಯಿತು. ದೃಷ್ಟಿ ಮಂಜಾಗಿರುವ ಅಪ್ಪನ ರಟ್ಟೆ ಹಿಡಿದು ಬಸ್ಸಿನ ಕಡೆ ಎಳೆಯಹೊರಟವನು ಕೈ ಸಡಿಲಿಸಿದೆ. ಇಂದು ಅವರ ಬೆರಳು ಮಾತ್ರ ಹಿಡಿದು, ಅರೆಹೆಜ್ಜೆ ಹಿಂದೆ ನಡೆದೆ. ಬಸ್ಸನ್ನು ಅವರೇ ಮೊದಲು ಹತ್ತಿದರು.